ಮಾವನ ದೋಣಿಗೊಂದು ಫಿಶ್ ಫೈಂಡರ್: ಕಡಿಮೆ ಖರ್ಚಿನಲ್ಲಿ ಆರಿಸುವುದು, ಸರಿಯಾಗಿ ಬಳಸುವುದು

"ನೀನು ಇಂಜಿನಿಯರಿಂಗ್ ಓದುದಲ್ವಾ? ನಮ್ಮ ದೋಣಿಗೆ ಒಂದು ಮೀನು ನೋಡುವ ಮಿಷನ್ ತೆಗೆದುಕೊಡು ಮಾರಾಯಾ. ಖರ್ಚು ಜಾಸ್ತಿ ಆಗ್ಬಾರ್ದು" ಅಂತ ನನ್ನ ಸೋದರಮಾವ ಹೇಳಿದಾಗ ನಾನು ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದೆ. ಮಾವನ ಮನೆ ಕಟಪಾಡಿಯ ಮಟ್ಟುವಿನಲ್ಲಿ. ಹೌದು, ಗುಳ್ಳಕ್ಕೆ ಹೆಸರಾದ ಅದೇ ಮಟ್ಟು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆಯ ಹಿನ್ನೀರು. ಮಾವನದು ಔಟ್‌ಬೋರ್ಡ್ ಎಂಜಿನ್ ಹಾಕಿದ ಫೈಬರ್ ನಾಡದೋಣಿ.

ನಾನು ಮಾಡಿದ್ದು ಇಷ್ಟೇ: ಆನ್‌ಲೈನಿನಲ್ಲಿ ಕಡಿಮೆ ಬೆಲೆಯದ್ದು ಹುಡುಕಿ, ನಕ್ಷತ್ರಗಳನ್ನು ಎಣಿಸಿ, ಆರ್ಡರ್ ಹಾಕಿದೆ. ಅಂಗೈಯಷ್ಟು ದೊಡ್ಡದು. ಪರದೆಯಲ್ಲಿ ಪುಟ್ಟ ಪುಟ್ಟ ಮೀನಿನ ಚಿತ್ರ ಬರುತ್ತಿತ್ತು, ಮೀನು ಬಂದಾಗೆಲ್ಲ ಬೀಪ್ ಅನ್ನುತ್ತಿತ್ತು. ಸಪ್ಟೆಂಬರಿನ ಒಂದು ಬೆಳಗ್ಗೆ ಕಾಪು ಕಡೆಗೆ ಹೋಗಿ ನೋಡಿದರೆ ಪರದೆ ತುಂಬ ಮೀನು! ಖುಷಿಯಲ್ಲಿ ನಾನು ಮೊಬೈಲಿನಲ್ಲಿ ಅದರ ಫೋಟೊ ತೆಗೆದೆ. ಮಾವ ತಳಕ್ಕೆ ಬಿಡುವ ಬಲೆಯನ್ನು ಅಲ್ಲೇ ಬಿಟ್ಟರು. ಎಳೆದಾಗ ಬಲೆ ಬರಲಿಲ್ಲ. ಕೆಳಗೆ ಕಲ್ಲು. ಬಿಡಿಸಿ ಎಳೆಯುವಷ್ಟರಲ್ಲಿ ಅರ್ಧ ಬಲೆ ಹರಿದಿತ್ತು. ಮುಂದಿನ ಮೂರು ದಿನ ಮಾವ ಕಡಲಿಗೆ ಹೋಗಲಿಲ್ಲ, ಅಂಗಳದಲ್ಲಿ ಕೂತು ಬಲೆ ಹೆಣೆದರು. ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಮಿಷನಿಗೆ ಮೀನು ಕಾಣ್ತದೆ, ಕಲ್ಲು ಕಾಣುದಿಲ್ವಾ?"

ಈ ಲೇಖನ ಆ ಪ್ರಶ್ನೆಗೆ ನಾನು ತಡವಾಗಿ ಹುಡುಕಿದ ಉತ್ತರ. ನಮ್ಮ ಕಾಲೇಜಿನಲ್ಲಿ ಕರಾವಳಿಯವರು ಬೇಕಾದಷ್ಟು ಜನ ಇದ್ದೀರಿ. ನಿಮ್ಮ ಮಾವನೋ, ಪಕ್ಕದ ಮನೆಯವರೋ ನಾಳೆ ಇದೇ ಮಾತು ಕೇಳಬಹುದು. ಆಗ ನನ್ನ ಹಾಗೆ ನಕ್ಷತ್ರ ಎಣಿಸಬೇಡಿ.

ಪೆಟ್ಟಿಗೆಯೊಳಗೆ ನಡೆಯುವುದೇನು?

ಫಿಶ್ ಫೈಂಡರ್‌ನಲ್ಲಿ ಎರಡು ಭಾಗ. ಕಣ್ಣಿಗೆ ಕಾಣುವ ಪರದೆ ಒಂದು, ನೀರಿನಲ್ಲಿ ಮುಳುಗುವ ಟ್ರಾನ್ಸ್‌ಡ್ಯೂಸರ್ ಇನ್ನೊಂದು. ಟ್ರಾನ್ಸ್‌ಡ್ಯೂಸರ್‌ನೊಳಗೆ ಪೀಜೋ ಸೆರಾಮಿಕ್ ಬಿಲ್ಲೆ ಇರುತ್ತದೆ. ವಿದ್ಯುತ್ ಕೊಟ್ಟರೆ ಅದು ನಡುಗಿ ಶಬ್ದ ಹೊರಡಿಸುತ್ತದೆ. ಶಬ್ದ ತಿರುಗಿ ಬಂದು ಬಡಿದರೆ ವಿದ್ಯುತ್ ಹುಟ್ಟಿಸುತ್ತದೆ. ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಓದಿ ಮರೆತದ್ದು ಇದೇ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಜಲಾಂತರ್ಗಾಮಿ ಪತ್ತೆಗೆಂದು ಕ್ವಾರ್ಟ್ಜ್ ಹರಳಿನಿಂದ ಇದನ್ನು ಮಾಡಿದ. 1948ರಲ್ಲಿ ಜಪಾನಿನ ಫುರುನೊ ಸಹೋದರರು ಅದನ್ನೇ ಮೀನುಗಾರರ ಕೈಗೆ ಕೊಟ್ಟರು. ಆ ಕಂಪನಿಯ ಹೆಸರು ಇವತ್ತಿಗೂ ದೊಡ್ಡ ಬೋಟುಗಳ ಕ್ಯಾಬಿನ್‌ನಲ್ಲಿ ಕಾಣುತ್ತದೆ.

ಲೆಕ್ಕ ಸುಲಭ. ಆಳ = ಶಬ್ದದ ವೇಗ × ಸಮಯ ÷ 2. ಎರಡರಿಂದ ಭಾಗಿಸುವುದು ಯಾಕೆಂದರೆ ಶಬ್ದ ಹೋಗಿ ಬರಬೇಕು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 30 ಮೀಟರ್ ಆಳದ ತಳ ಮುಟ್ಟಿ ಬರಲು 40 ಮಿಲಿಸೆಕೆಂಡ್ ಸಾಕು. ನಮ್ಮ ಬೆಚ್ಚಗಿನ ಉಪ್ಪುನೀರಿನಲ್ಲಿ ವೇಗ ಸ್ವಲ್ಪ ಹೆಚ್ಚು, 28 ಡಿಗ್ರಿಯಲ್ಲಿ ಸುಮಾರು 1540. ಹಾಗಾಗಿ ಯಂತ್ರ 1500 ಅಂತಲೇ ಲೆಕ್ಕ ಹಾಕುತ್ತಿದ್ದರೆ, 20 ಮೀಟರ್ ಎಂದು ತೋರಿಸಿದಲ್ಲಿ ನಿಜವಾದ ಆಳ 20.5 ಮೀಟರ್ ಇರುತ್ತದೆ. ಇದರಿಂದ ಮೀನು ಹಿಡಿಯುವವರಿಗೆ ನಷ್ಟವೇನಿಲ್ಲ.

ಇನ್ನೊಂದು ಸಂಗತಿ ಮುಖ್ಯ. ಯಂತ್ರ ನೋಡುವುದು ಮೀನಿನ ಮಾಂಸವನ್ನಲ್ಲ, ಹೆಚ್ಚಾಗಿ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು. ನೀರಿನ ಅಕೌಸ್ಟಿಕ್ ಇಂಪೀಡೆನ್ಸ್ ಸುಮಾರು 15 ಲಕ್ಷ ರೇಲ್. ಗಾಳಿಯದ್ದು ಬರೀ 400 ಚಿಲ್ಲರೆ. ಇಷ್ಟು ವ್ಯತ್ಯಾಸವಿದ್ದರೆ ನೀರು-ಗಾಳಿಯ ಗಡಿಯಲ್ಲಿ ಶಬ್ದಶಕ್ತಿಯ ಸಾವಿರದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ, ಉಳಿದದ್ದೆಲ್ಲ ವಾಪಸ್. ಮಾಂಸದ ಇಂಪೀಡೆನ್ಸ್ ಹೆಚ್ಚುಕಡಿಮೆ ನೀರಿನದ್ದೇ, ಆದ್ದರಿಂದ ಅಲ್ಲಿ ಪ್ರತಿಧ್ವನಿ ಕಡಿಮೆ. ಈ ಒಂದು ಲೆಕ್ಕದಿಂದ ಎಷ್ಟೋ ವಿಷಯ ಬಿಡಿಸಿಕೊಳ್ಳುತ್ತದೆ:

- ಶಾರ್ಕ್, ತೊರಕೆಗಳಿಗೆ ಗಾಳಿಚೀಲವೇ ಇಲ್ಲ. ಅವು ಗಾತ್ರಕ್ಕೆ ತಕ್ಕಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ತಳಕ್ಕೆ ಅಂಟಿಕೊಂಡಿರುವ ಸಿಗಡಿಯ ಆಸೆಯನ್ನಂತೂ ಬಿಟ್ಟುಬಿಡಿ.
- ನೀರಿನ ಗುಳ್ಳೆಗಳು ಮೀನಿನ ಹಾಗೆಯೇ ಕಾಣುತ್ತವೆ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವೂ ಹಾಗೆಯೇ.
- ಟ್ರಾನ್ಸ್‌ಡ್ಯೂಸರ್ ಮತ್ತು ನೀರಿನ ನಡುವೆ ತೆಳ್ಳಗಿನ ಗಾಳಿಯ ಪದರ ಇದ್ದರೂ ಯಂತ್ರ ಕುರುಡು.
- ಪ್ರಾಜೆಕ್ಟ್‌ಗೆ ಬಳಸುವ "ವಾಟರ್‌ಪ್ರೂಫ್" ಅಲ್ಟ್ರಾಸೋನಿಕ್ ಸೆನ್ಸರನ್ನು ಆರ್ಡುಯಿನೊಗೆ ಜೋಡಿಸಿ ಫಿಶ್ ಫೈಂಡರ್ ಮಾಡುತ್ತೇನೆ ಅನ್ನುವವರು ನಿಲ್ಲಿ. ಅದು ಗಾಳಿಯಲ್ಲಿ ದೂರ ಅಳೆಯಲು ಮಾಡಿದ್ದು. ನೀರು ಬಿದ್ದರೆ ಹಾಳಾಗುವುದಿಲ್ಲ, ಅಷ್ಟೇ.

ಪರದೆ ನಕ್ಷೆಯಲ್ಲ

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿ. ಪರದೆಯಲ್ಲಿ ಎಡದಿಂದ ಬಲಕ್ಕೆ ಕಾಣುವುದು ಕಡಲಿನ ಅಡ್ಡನೋಟ ಎಂದುಕೊಂಡಿದ್ದೆ. ಅಲ್ಲ. ಬಲತುದಿಯ ಒಂದು ಗೆರೆ ಮಾತ್ರ ಈ ಕ್ಷಣದ್ದು. ಉಳಿದದ್ದೆಲ್ಲ ಕಳೆದುಹೋದ ಸಮಯ. ಇಸಿಜಿ ಕಾಗದದ ಹಾಗೆ ಚಿತ್ರ ಎಡಕ್ಕೆ ಸರಿಯುತ್ತಿರುತ್ತದೆ. ಲಂಗರು ಹಾಕಿ ನಿಂತರೂ ಪರದೆ ಓಡುತ್ತದೆ. ಒಂದೇ ಮೀನು ದೋಣಿಯಡಿ ಸುಮ್ಮನೆ ನಿಂತಿದ್ದರೆ ಪರದೆಯಲ್ಲಿ ಉದ್ದದ ಗೆರೆ ಬರುತ್ತದೆ. ಅದನ್ನು ನೋಡಿ ದೊಡ್ಡ ಮೀನು ಅಂದುಕೊಂಡರೆ ಮೋಸ ಹೋದಂತೆ.

ಮೀನು ಕಮಾನಿನ ಹಾಗೆ ಕಾಣುವುದೂ ಇದೇ ಕಾರಣಕ್ಕೆ. ಶಬ್ದ ಕೆಳಗೆ ಹೋಗುವುದು ಶಂಕುವಿನಾಕಾರದಲ್ಲಿ. ಮೀನು ಶಂಕುವಿನ ಅಂಚಿಗೆ ಬಂದಾಗ ದೂರ ಹೆಚ್ಚು, ನಡುವಿಗೆ ಬಂದಾಗ ಕಡಿಮೆ, ಆಚೆ ಅಂಚಿಗೆ ಹೋದಾಗ ಮತ್ತೆ ಹೆಚ್ಚು. ಹೀಗಾಗಿ ಕಮಾನು. ಪೂರ್ತಿ ದಾಟದೆ ಅಂಚು ಸವರಿ ಹೋದ ಮೀನು ಅರ್ಧ ಕಮಾನು ಬಿಡಿಸುತ್ತದೆ. ಬೂತಾಯಿ, ಬಂಗುಡೆಯ ಹಿಂಡಾದರೆ ಕಮಾನು ಹುಡುಕಬೇಡಿ. ಅದು ಮೋಡದ ಹಾಗೆ, ಒತ್ತಾದ ಮುದ್ದೆಯ ಹಾಗೆ ಕಾಣುತ್ತದೆ.

ಇನ್ನು ತಳ. ಕೆಸರು ಶಬ್ದವನ್ನು ಹೀರುತ್ತದೆ, ಹಾಗಾಗಿ ಗೆರೆ ತೆಳು, ಮಂದ. ಕಲ್ಲು ಗಟ್ಟಿಯಾಗಿ ವಾಪಸ್ ಕಳಿಸುತ್ತದೆ, ಗೆರೆ ದಪ್ಪ, ಢಾಳು. ಕಡಿಮೆ ಆಳದಲ್ಲಿ ಗಟ್ಟಿ ತಳ ಇದ್ದರೆ ಪ್ರತಿಧ್ವನಿ ನೀರಿನ ಮೇಲ್ಮೈಗೆ ಬಡಿದು ಮತ್ತೆ ಕೆಳಗೆ ಹೋಗಿ ಬರುತ್ತದೆ. ಆಗ ಸರಿಯಾಗಿ ಎರಡರಷ್ಟು ಆಳದಲ್ಲಿ ಇನ್ನೊಂದು ತಳ ಕಾಣಿಸುತ್ತದೆ. 12 ಮೀಟರಿನಲ್ಲಿ ಒಂದು, 24ರಲ್ಲಿ ಇನ್ನೊಂದು. ಆ ಎರಡನೇ ಗೆರೆ ಯಂತ್ರದ ದೋಷವಲ್ಲ. "ಕೆಳಗೆ ಗಟ್ಟಿ ನೆಲ ಉಂಟು, ಬಲೆ ಜಾಗ್ರತೆ" ಎಂಬ ಸೂಚನೆ.

ಇಷ್ಟು ಓದಿಕೊಂಡ ಮೇಲೆ ನಾನು ಆ ಸಪ್ಟೆಂಬರಿನ ಫೋಟೊ ತೆಗೆದು ನೋಡಿದೆ. ಮೀನಿನ ಚಿತ್ರಗಳ ಹಿಂದೆ ತಳದ ಗೆರೆ ದಪ್ಪಗಿತ್ತು. ಒಂದು ಕಡೆ ಥಟ್ಟನೆ ಮೇಲೆದ್ದಿತ್ತು. ಕೆಳಗೆ ಮಸುಕಾಗಿ ಎರಡನೇ ಗೆರೆಯೂ ಇತ್ತು. ಮಿಷನಿಗೆ ಕಲ್ಲು ಕಂಡಿತ್ತು. ಕಾಣದಿದ್ದದ್ದು ನನಗೆ.

ಕೊಳ್ಳುವಾಗ ಯಾವುದಕ್ಕೆ ದುಡ್ಡು ಕೊಡಬೇಕು?

ಗಾರ್ಮಿನ್, ಲೊರೆನ್ಸ್, ಹಮ್ಮಿನ್‌ಬರ್ಡ್, ಫುರುನೊ ಹೀಗೆ ಕಂಪನಿಗಳು ಹಲವು, ಹೆಸರಿಲ್ಲದವು ಇನ್ನೂ ಹಲವು. ಹೆಸರಿಗಿಂತ ಮೊದಲು ಸ್ಪೆಸಿಫಿಕೇಶನ್ ಓದುವುದನ್ನು ಕಲಿಯೋಣ.

*ಗರಿಷ್ಠ ಆಳ:* ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಇದು, ನಮಗೆ ಕಡಿಮೆ ಬೇಕಾದದ್ದೂ ಇದು. ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ಬರುವ ನಾಡದೋಣಿ 300 ಮೀಟರ್ ಆಳಕ್ಕೆ ಹೋಗುವುದಿಲ್ಲ. ಒಂದು ಎಚ್ಚರ: ಆ ಅಂಕಿ ಸಾಮಾನ್ಯವಾಗಿ ಸಿಹಿನೀರಿನದ್ದು. ಉಪ್ಪುನೀರು ಈ ಶಬ್ದವನ್ನು ಹೆಚ್ಚು ಹೀರುತ್ತದೆ, ಅದರಲ್ಲಿ ಕರಗಿರುವ ಮೆಗ್ನೀಷಿಯಂ ಸಲ್ಫೇಟಿನದ್ದು ಅದರಲ್ಲಿ ದೊಡ್ಡ ಪಾಲು. ಆದ್ದರಿಂದ ಕಡಲಿಗೆ ಬರೆದ ಅಂಕಿಯನ್ನೇ ಕೇಳಿ. ಅದು 100 ಮೀಟರ್ ಇದ್ದರೂ ನಮಗೆ ಧಾರಾಳ.

*ಆವರ್ತನ ಮತ್ತು ಕೋನ:* 50 ಕಿಲೋಹರ್ಟ್ಝ್ ಆಳಕ್ಕೆ ಹೋಗುತ್ತದೆ, ಅಗಲ ನೋಡುತ್ತದೆ, ಆದರೆ ವಿವರ ಕಡಿಮೆ. ಅದರ ತರಂಗದ ಉದ್ದವೇ 3 ಸೆಂಟಿಮೀಟರ್. 200 ಕಿಲೋಹರ್ಟ್ಝ್‌ನದ್ದು ಮುಕ್ಕಾಲು ಸೆಂಟಿಮೀಟರ್, ಹಾಗಾಗಿ ವಿವರ ಚೆನ್ನ. ಈಗ ಕೋನ. ಶಂಕು ತಳದಲ್ಲಿ ಮುಟ್ಟುವ ವೃತ್ತದ ವ್ಯಾಸ = 2 × ಆಳ × ಟ್ಯಾನ್ (ಅರ್ಧ ಕೋನ). 20 ಮೀಟರ್ ಆಳದಲ್ಲಿ 20 ಡಿಗ್ರಿ ಕೋನಕ್ಕೆ 7 ಮೀಟರ್ ಅಗಲ, 60 ಡಿಗ್ರಿಗೆ 23 ಮೀಟರ್.

ಅಗಲ ಹೆಚ್ಚಿದ್ದರೆ ಒಳ್ಳೆಯದಲ್ವಾ? ಇಲ್ಲೇ ಕೊಕ್ಕೆ ಇರುವುದು. ಅಂಚಿನಲ್ಲಿ ತಳದ ಹತ್ತಿರ ಇರುವ ಮೀನಿನ ಪ್ರತಿಧ್ವನಿ, ನೇರ ಕೆಳಗಿನ ತಳದ ಪ್ರತಿಧ್ವನಿಗಿಂತ ತಡವಾಗಿ ಬರುತ್ತದೆ. ಅಂದರೆ ಅದು ತಳದ ಗೆರೆಯೊಳಗೆ ಮುಳುಗಿಹೋಗುತ್ತದೆ. ಈ ಕುರುಡು ಪಟ್ಟಿಯ ಎತ್ತರ = ಆಳ × (1 − ಕಾಸ್ ಅರ್ಧ ಕೋನ). 20 ಮೀಟರ್ ಆಳದಲ್ಲಿ 60 ಡಿಗ್ರಿ ಕೋನದ ಅಂಚಿಗೆ ಇದು 2.7 ಮೀಟರ್, 20 ಡಿಗ್ರಿಗೆ ಬರೀ 30 ಸೆಂಟಿಮೀಟರ್. ಮರಳಿಗೆ ಒತ್ತಿಕೊಂಡಿರುವ ಕಾಣೆ, ನಂಗು ಹುಡುಕುವವರಿಗೆ ಅಗಲ ಕೋನ ಪ್ರಯೋಜನವಿಲ್ಲ. ಪಕ್ಕದಲ್ಲಿರುವ ಕಲ್ಲನ್ನೂ ಅದು ನೇರ ಕೆಳಗಿದೆ ಎಂದು ತೋರಿಸುತ್ತದೆ. ನಮ್ಮ ಕರಾವಳಿಯ ಸಣ್ಣ ದೋಣಿಗೆ 200ರ ಆಸುಪಾಸಿನ ಆವರ್ತನ ಇರಲೇಬೇಕು. ಎರಡು ಆವರ್ತನ ಬದಲಾಯಿಸುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು.

*ಚಿರ್ಪ್:* ಹಳೆಯ ಯಂತ್ರ ಒಂದೇ ಆವರ್ತನದ ಚಿಕ್ಕ ತುಣುಕು ಕಳಿಸುತ್ತದೆ. ಆ ತುಣುಕು 0.1 ಮಿಲಿಸೆಕೆಂಡ್ ಇದ್ದರೆ 7.5 ಸೆಂಟಿಮೀಟರಿಗಿಂತ ಹತ್ತಿರ ಇರುವ ಎರಡು ವಸ್ತುಗಳು ಒಂದಾಗಿ ಕಾಣುತ್ತವೆ. ಚಿರ್ಪ್‌ನಲ್ಲಿ ಆವರ್ತನ ಏರುತ್ತಾ ಹೋಗುತ್ತದೆ. ವಾಪಸ್ ಬಂದದ್ದನ್ನು ಕಳಿಸಿದ್ದರ ಜೊತೆ ಹೋಲಿಸಿ ಒತ್ತುತ್ತಾರೆ. ಸಿಗ್ನಲ್ ಪ್ರೊಸೆಸಿಂಗ್ ಓದಿದವರಿಗೆ ಮ್ಯಾಚ್ಡ್ ಫಿಲ್ಟರ್ ನೆನಪಾಗಬೇಕು. 50 ಕಿಲೋಹರ್ಟ್ಝ್ ಬ್ಯಾಂಡ್‌ವಿಡ್ತ್ ಸಿಕ್ಕರೆ ಲೆಕ್ಕದ ಪ್ರಕಾರ 1.5 ಸೆಂಟಿಮೀಟರ್‌ವರೆಗೆ ಬಿಡಿಸಬಹುದು. ಬಜೆಟ್ಟಿನಲ್ಲಿ ಸಿಕ್ಕರೆ ತಗೊಳ್ಳಿ.

*ಪರದೆಯ ಪಿಕ್ಸೆಲ್:* ಇಂಚು ಕೇಳುವ ಬದಲು ಮೇಲಿನಿಂದ ಕೆಳಗೆ ಎಷ್ಟು ಪಿಕ್ಸೆಲ್ ಎಂದು ಕೇಳಿ. 30 ಮೀಟರ್ ನೀರನ್ನು 240 ಪಿಕ್ಸೆಲ್‌ನಲ್ಲಿ ತೋರಿಸಿದರೆ ಒಂದು ಪಿಕ್ಸೆಲ್‌ಗೆ 12.5 ಸೆಂಟಿಮೀಟರ್. 480 ಇದ್ದರೆ ಅದರ ಅರ್ಧ. ಪರದೆಯೇ ಒರಟಾಗಿದ್ದರೆ ಚಿರ್ಪ್‌ಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಬಿಸಿಲಿನಲ್ಲಿ ಪರದೆ ಓದಲು ಆಗುತ್ತದಾ ಎಂದು ಅಂಗಡಿಯ ಹೊರಗೆ ತಂದು ನೋಡಿ.

*ಜಿಪಿಎಸ್:* ಇದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ತೊಂದರೆಯಿಲ್ಲ. ಬಲೆ ಹರಿದ ಕಲ್ಲನ್ನು ಒಮ್ಮೆ ಗುರುತು ಹಾಕಿಟ್ಟರೆ ಅಲ್ಲಿ ಇನ್ನೊಮ್ಮೆ ಬಲೆ ಹರಿಯುವುದಿಲ್ಲ. ಮೀನು ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ, ಕಲ್ಲು ಇರುತ್ತದೆ.

*ನೀರು ತಡೆ:* ಐಪಿಎಕ್ಸ್7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತೊಂದರೆಯಿಲ್ಲ ಎಂದರ್ಥ. ಅದಕ್ಕಿಂತ ಕಡಿಮೆಯದ್ದು ತೆರೆ ಬಡಿಯುವ ದೋಣಿಗೆ ಬೇಡ.

ಗಾಳದ ಹಗ್ಗಕ್ಕೆ ಕಟ್ಟಿ ಎಸೆಯುವ, ಮೊಬೈಲಿಗೆ ಚಿತ್ರ ಕಳಿಸುವ ಚೆಂಡಿನಂಥವೂ ಇವೆ. ಹೊಳೆಯ ದಡದಲ್ಲಿ ಗಾಳ ಹಾಕುವವರಿಗೆ ಅವು ಸಾಕು. ವೈಫೈ ತರಂಗ ನೀರಿನೊಳಗೆ ಹೋಗದ ಕಾರಣ ಚೆಂಡು ತೇಲುತ್ತಲೇ ಇರಬೇಕು. ತೆರೆ ಎದ್ದರೆ ಸಂಪರ್ಕ ಕಡಿಯುತ್ತದೆ. ದೋಣಿಗೆ ಅದು ಹೇಳಿದ್ದಲ್ಲ.

ದೋಣಿಗೆ ಕಟ್ಟುವ ಕೆಲಸ

ಕಂಪನಿಯ ಪುಸ್ತಕದಲ್ಲಿ ಟ್ರಾನ್ಸ್‌ಡ್ಯೂಸರನ್ನು ದೋಣಿಯ ಹಿಂಬದಿಗೆ ಸ್ಕ್ರೂ ಹಾಕಿ ಕೂರಿಸಿ ಎಂದಿರುತ್ತದೆ. ಅದು ಜೆಟ್ಟಿಯಲ್ಲಿ ನಿಲ್ಲುವ ದೋಣಿಯ ಮಾತು. ಮರಳಿನ ಮೇಲೆ ಎಳೆದು ತೆರೆ ದಾಟಿಸುವ ನಮ್ಮ ದೋಣಿಯಲ್ಲಿ ಅದು ಎರಡು ದಿನವೂ ಬಾಳುವುದಿಲ್ಲ. ನಾವು ಮಾಡಿದ್ದು: ಒಂದು ಪೈಪಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಕಟ್ಟಿ, ದೋಣಿಯ ಬದಿಗೆ ಮಡಚುವ ಹಾಗೆ ಕ್ಲ್ಯಾಂಪ್ ಹಾಕಿದೆವು. ತೆರೆ ದಾಟಿದ ಮೇಲೆ ಇಳಿಸುವುದು, ದಡಕ್ಕೆ ಬರುವಾಗ ಎತ್ತುವುದು. ಅದರ ಮುಖ ನೀರಿನ ಮಟ್ಟಕ್ಕೆ ಸಮಾಂತರವಾಗಿರಬೇಕು, ಎಂಜಿನ್ನಿನ ಪಂಕದಿಂದ ದೂರ ಇರಬೇಕು. ಪಂಕ ಎಬ್ಬಿಸುವ ಗುಳ್ಳೆ ಅಂದರೆ ಗಾಳಿ, ಗಾಳಿ ಅಂದರೆ ಸುಳ್ಳು ಮೀನು.

ಗಟ್ಟಿ ಫೈಬರ್ ದೋಣಿಯಾದರೆ ಟ್ರಾನ್ಸ್‌ಡ್ಯೂಸರನ್ನು ಒಳಗಿನಿಂದಲೇ ಎಪಾಕ್ಸಿ ಹಾಕಿ ಅಂಟಿಸಬಹುದು. ಶಬ್ದ ಫೈಬರ್ ದಾಟಿ ಹೋಗುತ್ತದೆ, ಸ್ವಲ್ಪ ಶಕ್ತಿ ನಷ್ಟವಾದರೂ ನಮ್ಮ ಆಳಕ್ಕೆ ಸಾಕು. ಆದರೆ ಅಂಟಿನೊಳಗೆ ಗುಳ್ಳೆ ಉಳಿಯಬಾರದು. ತಳದ ಫೈಬರಿನ ನಡುವೆ ಥರ್ಮಾಕೋಲ್, ಫೋಮ್ ಅಥವಾ ಮರ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಅಂಟಿಸುವ ಮೊದಲು ಒಳಗೆ ಸ್ವಲ್ಪ ನೀರು ಹೊಯ್ದು, ಟ್ರಾನ್ಸ್‌ಡ್ಯೂಸರ್ ಅದರಲ್ಲಿಟ್ಟು ತಳ ಕಾಣುತ್ತದಾ ನೋಡಿ. ಆಮೇಲೆ ಎಪಾಕ್ಸಿ.

ವಿದ್ಯುತ್ತಿಗೆ ಯುಪಿಎಸ್‌ನಲ್ಲಿ ಇರುವಂಥ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಸಾಕು. ಯಂತ್ರ ಅರ್ಧ ಆಂಪಿಯರ್ ಎಳೆದರೆ ಲೆಕ್ಕಕ್ಕೆ 14 ಗಂಟೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿರುವುದು ಒಳ್ಳೆಯದು, ಹಾಗಾಗಿ 7 ಗಂಟೆ ಅಂತ ಹಿಡಿಯಿರಿ. ಪುಸ್ತಕದಲ್ಲಿ ಹೇಳಿದ ಫ್ಯೂಸ್ ತಪ್ಪದೆ ಹಾಕಿ. ಬ್ಯಾಟರಿ ಮೇಲೆ ನೀರು ಬೀಳದ ಹಾಗೆ ಮುಚ್ಚಳದ ಡಬ್ಬ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸುವುದು ಕಡ್ಡಾಯ. ಉಪ್ಪು ಕನೆಕ್ಟರಿನ ಪಿನ್ನನ್ನು ತಿನ್ನಲು ಹೆಚ್ಚು ದಿನ ತಗೊಳ್ಳುವುದಿಲ್ಲ.

ನಂಬುವ ಮೊದಲು ನಾಲ್ಕು ಪರೀಕ್ಷೆ

ಎರಡನೇ ಸಲ ನಾವು ಕಡಲಿಗೆ ಹೋಗುವ ಮೊದಲು ಮಟ್ಟು ಹಿನ್ನೀರಿನಲ್ಲಿ ಒಂದು ಭಾನುವಾರ ಕಳೆದೆವು. ಲ್ಯಾಬ್‌ನಲ್ಲಿ ಕ್ಯಾಲಿಬ್ರೇಶನ್ ಮಾಡುತ್ತೇವಲ್ಲ, ಹಾಗೆಯೇ.

1. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ಅಳೆದು ಯಂತ್ರದ ಅಂಕಿಗೆ ಹೋಲಿಸಿ. ಮಾವ ಮಾರು ಲೆಕ್ಕದಲ್ಲಿ ಅಳೆದರು. ಒಂದು ಮಾರು ಅಂದರೆ ಸುಮಾರು 1.8 ಮೀಟರ್. ಗುಂಡಿಗೆ ಅಂಟಿ ಬಂದ ಕೆಸರೋ ಮರಳೋ ನೋಡಿ, ಪರದೆಯ ಗೆರೆ ಹೇಗಿದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಇದು ನಿಮ್ಮ ಸ್ವಂತ ಕೀಲಿಪಟ್ಟಿ.
2. ಫಿಶ್ ಐಡಿ ಆಫ್ ಮಾಡಿ. ಪರದೆಯ ಮೀನಿನ ಚಿತ್ರ ಸಾಫ್ಟ್‌ವೇರಿನ ಊಹೆ. ಮೂಲ ಪ್ರತಿಧ್ವನಿಯನ್ನೇ ಓದುವುದು ಕಲಿಯಿರಿ.
3. ಅರ್ಧ ಗಾಳಿ ತುಂಬಿದ ಸಣ್ಣ ಬಾಟಲಿಯನ್ನು ಕಲ್ಲಿಗೆ ಕಟ್ಟಿ, ತಳದಿಂದ ಒಂದು ಮೀಟರ್ ಮೇಲೆ ನಿಲ್ಲುವ ಹಾಗೆ ಇಳಿಸಿ. ಅದರ ಮೇಲೆ ಮೆಲ್ಲ ಹೋಗಿ. ಕಮಾನು ಬಂತಾ? ಬರದಿದ್ದರೆ ಸೆನ್ಸಿಟಿವಿಟಿ ಏರಿಸಿ. ಪರದೆ ತುಂಬ ಚುಕ್ಕಿಯಾದರೆ ಇಳಿಸಿ. ಕೆಲಸ ಮುಗಿದ ಮೇಲೆ ಬಾಟಲಿ ವಾಪಸ್ ತನ್ನಿ.
4. ಎಂಜಿನ್ ನಿಧಾನ, ಜೋರು ಎರಡರಲ್ಲೂ ನೋಡಿ. ಜೋರಾದಾಗ ಮಾತ್ರ ಮೀನು ಹೆಚ್ಚಾದರೆ ಅದು ಗುಳ್ಳೆ ಅಥವಾ ಎಂಜಿನ್ನಿನ ವಿದ್ಯುತ್ ಗದ್ದಲ. ವಯರುಗಳನ್ನು ಬೇರೆ ದಾರಿಯಲ್ಲಿ ಎಳೆಯಿರಿ.

ಇದರ ಜೊತೆ ಕಡಿಮೆ ಆಳದ ಅಲಾರಂ ಹಾಕಿಡಿ. ಅಳಿವೆಯ ಮರಳದಿಬ್ಬ ಒಂದು ಮಳೆಗಾಲಕ್ಕೆ ಜಾಗ ಬದಲಿಸುತ್ತದೆ, ನಿಮಗೆ ಹೇಳಿ ಬದಲಿಸುವುದಿಲ್ಲ.

ಯಂತ್ರ ಹೇಳದ ವಿಷಯ

20 ಮೀಟರ್ ಆಳದಲ್ಲಿ 7 ಮೀಟರ್ ವೃತ್ತ. ಅರಬ್ಬೀ ಸಮುದ್ರದ ಎದುರು ಅದೆಷ್ಟು? ಎಲ್ಲಿಗೆ ಹೋಗಬೇಕು ಎಂಬುದನ್ನು ಈ ಯಂತ್ರ ಹೇಳುವುದಿಲ್ಲ, ಹೋದ ಮೇಲೆ ಕೆಳಗೇನಿದೆ ಎಂದಷ್ಟೇ ಹೇಳುತ್ತದೆ. ಎಲ್ಲಿಗೆ ಎಂಬುದಕ್ಕೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಕಡಲ ಮೇಲ್ಮೈಯ ಉಷ್ಣತೆ ಮತ್ತು ಕ್ಲೋರೊಫಿಲ್ ನೋಡಿ ಮೀನು ಸಿಗಬಹುದಾದ ವಲಯಗಳ ಸೂಚನೆ ಕೊಡುತ್ತದೆ. ಅದನ್ನು ಮಾವನಿಗೆ ತೋರಿಸಿ. ಆಮೇಲೆ ನೀರಿನ ಬಣ್ಣ, ಹಕ್ಕಿ, ಗಾಳಿ ನೋಡಿ ಮಾವ ಹೇಳುವುದನ್ನೂ ಕೇಳಿ. ಎರಡೂ ಡೇಟಾವೇ.

ಮೀನಿನ ವಯಸ್ಸನ್ನೂ ಯಂತ್ರ ಹೇಳುವುದಿಲ್ಲ. ಮೋಡದ ಹಾಗೆ ಕಂಡ ಹಿಂಡು ಬೆಳೆದ ಬೂತಾಯಿಯೋ ಮರಿಯೋ ಎಂಬುದು ಬಲೆ ಎತ್ತಿದಾಗಲೇ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದು ಮೀನು ಮರಿ ಮಾಡಲಿ ಎಂದು. ಆಗ 10 ಅಶ್ವಶಕ್ತಿಯೊಳಗಿನ ನಾಡದೋಣಿಗೆ ಅವಕಾಶವಿದೆ. ಆ ಅವಕಾಶದ ಜೊತೆ ಜವಾಬ್ದಾರಿಯೂ ಇದೆ. ಕಣ್ಣು ಚುರುಕಾದಷ್ಟೂ ಕೈ ಬಿಗಿ ಹಿಡಿಯಬೇಕು.

ಇನ್ನೊಂದು ಮಾತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ "ಸುವರ್ಣ ತ್ರಿಭುಜ" ಬೋಟು ಏಳು ಮಂದಿಯೊಂದಿಗೆ ಕಾಣೆಯಾದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ತಿಂಗಳುಗಟ್ಟಲೆ ಕಾದ ಮೇಲೆ, 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕಡೆಯ ಕಡಲತಳದಲ್ಲಿ ಅದರ ಅವಶೇಷ ಸಿಕ್ಕಿತು. ಪತ್ತೆ ಮಾಡಿದ್ದು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್, ಸೋನಾರ್ ಸಹಾಯದಿಂದ. ಮಾವನ ದೋಣಿಯ ಪೆಟ್ಟಿಗೆ ಮತ್ತು ಆ ಹಡಗಿನ ಸೋನಾರ್ ಎರಡರ ತತ್ವವೂ ಒಂದೇ: ಶಬ್ದ ಕಳಿಸು, ಕಾಯು, ಕೇಳು. ಆದರೆ ಯಾವ ಸೋನಾರೂ ಮನುಷ್ಯನನ್ನು ಕಾಯುವುದಿಲ್ಲ. ಫಿಶ್ ಫೈಂಡರ್‌ಗೆ ಬಜೆಟ್ ಹಾಕುವ ಮೊದಲು ದೋಣಿಯಲ್ಲಿ ಇರುವ ಜನರಷ್ಟೇ ಲೈಫ್ ಜಾಕೆಟ್ ಉಂಟಾ ಎಂದು ಎಣಿಸಿ. ಇಲ್ಲದಿದ್ದರೆ ಆ ದುಡ್ಡು ಮೊದಲು ಅದಕ್ಕೆ.

ಈಗ ಮಾವನ ಯಂತ್ರದಲ್ಲಿ ಹನ್ನೊಂದು ಕಲ್ಲುಗಳ ಗುರುತು ಇದೆ. ಪ್ರತಿಯೊಂದಕ್ಕೂ ಅವರೇ ಹೆಸರಿಟ್ಟಿದ್ದಾರೆ. ಮೊದಲ ಕಲ್ಲಿಗೆ, ಅಂದರೆ ಸಪ್ಟೆಂಬರಿನಲ್ಲಿ ಬಲೆ ಹರಿದದ್ದಕ್ಕೆ, ಇಟ್ಟ ಹೆಸರು "ಇಂಜಿನಿಯರ್". ಅಲ್ಲಿಂದ ದೋಣಿ ಹಾದುಹೋಗುವಾಗೆಲ್ಲ ಯಂತ್ರ ಬೀಪ್ ಅನ್ನುತ್ತದೆ, ಮಾವ ನನ್ನ ಮುಖ ನೋಡುತ್ತಾರೆ. ಹೊಸ ಯಂತ್ರ ಬಂದ ಮೇಲೆ ಮೀನು ಎರಡು ಪಟ್ಟು ಸಿಕ್ಕಿತಾ ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ. "ಬಲೆ ಹರಿಯಲಿಲ್ಲ, ಅದು ಸಾಕು" ಅನ್ನುತ್ತಾರೆ.